ನೋಡಿಯೂ ನೋಡದ ಹಾಗಿದ್ದವರಿಗೆ

ಮಗ ಎಸ್ಸೆಸ್ಸೆಲ್ಸಿ ಪಾಸಾದ, ಫಸ್ಟ್ ಕ್ಲಾಸ್. ಫೋನ್ ಮಾಡಿದವರಿಗೆಲ್ಲ ಥ್ಯಾಂಕ್ಸ್ ಹೇಳಿದ್ದಾಯ್ತು. ಆದರೆ ಕೆಲವರಿಗೆ ಬೇರೆಯಾಗಿಯೇ ಹೇಳಬೇಕು.

ಆರನೇ ವರ್ಷದಲ್ಲಿ ಕಣ್ಣು ಪಿಳಿಪಿಳಿ ಮಿಟುಕಿಸೋದು ಶುರುವಾಯ್ತು. ಕಣ್ಣಿಗೆ ಡ್ರಾಪ್ಸ್ ಹಾಕಿದೆವು. ಆಮೇಲೆ ಕತ್ತು ಜಾಡಿಸೋದು, ಗಂಟಲಲ್ಲಿ 'ಹ್ಞುಂ ಹ್ಞುಂ'. ಅಲರ್ಜಿ ಅಂದರು, ಟಿವಿ ಜಾಸ್ತಿ ಅಂದರು, ದೃಷ್ಟಿ ಅಂದರು. ತಾಯತವೂ ಬಂತು. ನಾನು ಬೈದೆ. ಒಂದು ದಿನ ಹೊಡೆದೂಬಿಟ್ಟೆ. ಅದನ್ನು ಮುಚ್ಚಿಟ್ಟು ಇದನ್ನು ಬರೆಯೋಕೆ ಮನಸ್ಸಿಲ್ಲ.

ಒಂಬತ್ತನೇ ವರ್ಷಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹೆಸರು ಗೊತ್ತಾಯ್ತು: ಟೂರೆಟ್. ಬೇಡವೆಂದರೂ ಮೈ ತಾನಾಗಿಯೇ ಜಾಡಿಸುವ, ಸದ್ದು ತಾನಾಗಿಯೇ ಹೊರಡುವ ನರದ ತೊಂದರೆ. 1885ರಲ್ಲೇ ಫ್ರಾನ್ಸಿನ ಡಾಕ್ಟರೊಬ್ಬರು ಒಂಬತ್ತು ಜನರನ್ನು ನೋಡಿ ಬರೆದಿಟ್ಟ ಕಾಯಿಲೆಗೆ ನಾವು ಮೂರು ವರ್ಷ ಡ್ರಾಪ್ಸು, ತಾಯತ ಅಂತ ಅಲೆದಿದ್ದೆವು!

ಮಾತ್ರೆ ಕೊಡಬೇಕಾ ಬೇಡವಾ ಅಂತ ಮನೆಯಲ್ಲಿ ಎರಡು ಪಕ್ಷ. ಡಾಕ್ಟರ್ ಮೇಡಂ ಕೇಳಿದ್ದು ಒಂದೇ: "ತೊಂದರೆ ಯಾರಿಗೆ, ಅವನಿಗಾ, ನಿಮಗಾ?" ಅವನನ್ನೇ ಕೇಳಿದೆವು. "ಕತ್ತು ನೋಯುತ್ತೆ. ಸದ್ದು ಇದ್ದರೆ ಇರಲಿ ಬಿಡಿ" ಅಂದ. ಕ್ಲೋನಿಡಿನ್ ಸ್ವಲ್ಪ ಸ್ವಲ್ಪವೇ ಶುರು ಮಾಡಿದರು. ಕತ್ತು ಜಾಡಿಸೋದು ಕಡಿಮೆಯಾಯ್ತು, ಕ್ಲಾಸಿನಲ್ಲಿ ತೂಕಡಿಕೆ ಜಾಸ್ತಿಯಾಯ್ತು. ಮೂಲತಃ ಬಿಪಿ ಮಾತ್ರೆ ಅದು, ದಿಢೀರಂತ ನಿಲ್ಲಿಸಬಾರದು. ಅವರು ಹೇಳಿದ ಲೆಕ್ಕದಲ್ಲೇ ಇಳಿಸಿ, ಮಾತ್ರೆಯಿಲ್ಲದೆ ಅಭ್ಯಾಸದಿಂದಲೇ ಇದನ್ನು ಹತೋಟಿಗೆ ತರೋದನ್ನು ಕಲಿಸುವ ಸಿಬಿಐಟಿ ಅನ್ನೋ ತರಬೇತಿಗೆ ಸೇರಿಸಿದೆವು. ಹತ್ತು ವಾರದಲ್ಲಿ ಎಂಟು ಸಲ, ಕೆಲವು ವಿಡಿಯೋ ಕಾಲ್‌ನಲ್ಲೇ. ಕತ್ತು ಜಾಡಿಸುವ ಮುಂಚೆ ಒಳಗೇನೋ ತುಡಿಯುತ್ತಂತೆ, ಸೀನು ಬರುವ ಮುಂಚೆ ಆಗುತ್ತಲ್ಲ, ಹಾಗೆ. ಆಗ ಗದ್ದ ಒಳಕ್ಕೆಳೆದು, ಕತ್ತು ಬಿಗಿ ಹಿಡಿದು, ನಿಧಾನಕ್ಕೆ ಉಸಿರಾಡಬೇಕು. ನಮಗೂ ಹೋಂವರ್ಕ್ ಇತ್ತು: ದಿಟ್ಟಿಸಬೇಡಿ, "ಮಾಡ್ಬೇಡ" ಅನ್ನಬೇಡಿ. ಅವನದಕ್ಕಿಂತ ನಮ್ಮ ಹೋಂವರ್ಕೇ ಕಷ್ಟವಾಗಿತ್ತು.

ಪೂರ್ತಿ ಹೋಗಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಜಾಸ್ತಿಯೇ ಆಗಿತ್ತು. ದೊಡ್ಡವರಾಗ್ತಾ ಬಹಳ ಮಕ್ಕಳಿಗೆ ಕಡಿಮೆಯಾಗುತ್ತಂತೆ, ನೋಡೋಣ.

ಮೂರು ವರ್ಷ ಪಕ್ಕದಲ್ಲೇ ಕೂತು "ಯಾಕೋ ಹಂಗೆ" ಅಂತ ಒಮ್ಮೆಯೂ ಕೇಳದ ಹುಡುಗನಿಗೆ ಥ್ಯಾಂಕ್ಸ್. ಸದ್ದು ಬಂದರೂ ಪಾಠ ನಿಲ್ಲಿಸದ ಟ್ಯೂಷನ್ ಮೇಷ್ಟ್ರಿಗೆ. ಮನೆಗೆ ಬಂದ ನೆಂಟರಿಗೆ ಬಾಗಿಲಲ್ಲೇ "ಮಗೂನ ನೋಡ್ತಾ ಕೂರಬೇಡಿ" ಅನ್ನುವ ನಮ್ಮತ್ತೆಗೆ. ತಾಯತ ತಂದವರೂ ಅವರೇ, ಇರಲಿ.

ಕಳೆದ ದೀಪಾವಳಿಗೆ ಹಾಸನಾಂಬೆಯ ದರ್ಶನಕ್ಕೆ ನಾಲ್ಕು ಗಂಟೆ ಸಾಲಿನಲ್ಲಿ ನಿಂತಿದ್ದೆವು. ಅವನ ಸದ್ದಿಗೆ ಮುಂದಿದ್ದ ಹೆಂಗಸೊಬ್ಬರು ತಿರುಗಿದರು. ನನ್ನೆದೆ ಧಸಕ್ಕಂತು. ಅವರು ನೀರಿನ ಬಾಟಲಿ ಚಾಚಿದರು. "ಗಂಟಲು ಸರಿಯಾಗೇ ಇದೆ ಆಂಟಿ, ನಂಗೆ ಟೂರೆಟ್" ಅಂದ ಮಗ. ಅಂದು, ನೀರನ್ನೂ ಕುಡಿದ.