ಬಿಳಿ ರಕ್ತಕಣ ತೇಲಿದ್ರಷ್ಟ ಗಾಯ ಮುಟ್ಟಂಗಿಲ್ಲ

ಸಂಪಾದಕರಿಗೆ ನಮಸ್ಕಾರ್ರೀ,

ಹೋದ ವಾರ ನಿಮ್ಮ ಪೇಪರ್‌ನ್ಯಾಗ ಗಾಯ ಹೆಂಗ ಮಾಯ್ತೈತಿ ಅಂತ ಬಂದಿತ್ತು, ಚಲೋ ಇತ್ತು, ಆದ್ರ ಬಿಳಿ ರಕ್ತಕಣ ರಕ್ತದಾಗ ತೇಲಿಕೊಂಡು ಬರ್ತಾವ ಅಂತ ಒಂದೇ ಸಾಲಿನ್ಯಾಗ ಮುಗಿಸಿಬಿಟ್ಟೀರಿ. ರಕ್ತನಾಳದಾಗ ತೇಲ್ತಾವ, ಖರೆ. ನಾಳದ ಗ್ವಾಡಿ ದಾಟಿ ಹೊರಗ ಬಂದ ಮ್ಯಾಲೆ ಹೊತ್ಕೊಂಡು ಹೋಗಾಕ ಯಾರಿಲ್ಲ, ತಾವೇ ತೆವಳಬೇಕು. ಮಜಾ ಇರೋದು ಅಲ್ಲೇ.

ಸೆಲ್‌ನೊಳಗ (ಅಂದ್ರ ಜೀವಕೋಶದಾಗ) ಆಕ್ಟಿನ್ ಅನ್ನೋ ಪ್ರೋಟೀನ್ ಐತ್ರಿ, ಅದರ ಎಳಿ ದಪ್ಪ ಬರೇ 7 ನ್ಯಾನೋಮೀಟರ್. ತುದಿಗೆ ಒಂದೊಂದ ಕಾಳು ಪೋಣಿಸಿದಂಗ ಸೇರಿ ಎಳಿ ಬೆಳೀತೈತಿ, ಬೆಳೆದಂಗ ಮುಂದಿನ ಪೊರೆ ತಳ್ಳತೈತಿ. ಹಿಂದಿನ ಕಡೆ ಮಯೋಸಿನ್ ಹಿಂಡತೈತಿ, ನಮ್ಮ ರಟ್ಟಿ ಬಿಗಿಯೋದೂ ಅದ ಜಾತಿ ಪ್ರೋಟೀನಿಂದ.

ತಳ್ಳಿದ್ರಷ್ಟ ಸಾಲಂಗಿಲ್ಲ. ನಾನು ಬಿ.ಎಸ್ಸಿ. ಮುಗಿಸಿ ಗಂಗಾವತಿ ಕಡೆ ಭತ್ತ ಮಾಡೋನು (ಮನ್ಯಾಗ ಇದಕ್ಕ ಇನ್ನೂ ಬೈತಾರ), ಕೆಸರಿಗೆ ಕೇಜ್ ವೀಲ್ (ಕೆಸರಾಗ ಹಿಡಿತ ಸಿಗಲಿ ಅಂತ ಹಾಕೋ ಕಬ್ಬಿಣದ ಪಟ್ಟಿ ಗಾಲಿ) ಇಲ್ಲದ ಟ್ರ್ಯಾಕ್ಟರ್ ಇಳಿಸಿದ್ರ ಎಂಜಿನ್ ಎಷ್ಟು ಒದರಿದ್ರೂ ಗಾಲಿ ನಿಂತಲ್ಲೇ ತಿರುಗತೈತಿ. ಸೆಲ್‌ನ ಕೇಜ್ ವೀಲ್ ಅಂದ್ರ ಇಂಟೆಗ್ರಿನ್, ಪೊರೆಯಿಂದ ಹೊರಗ ಚಾಚಿ ನೆಲ ಹಿಡಕೊಳ್ಳೋ ಪ್ರೋಟೀನ್. ಹಿಡಿತ ಸಾಲದಿದ್ರ ಆಕ್ಟಿನ್ ಒಳಗ ಹಿಂದಕ್ಕ ಜಾರತೈತಿ, ಸೆಲ್ ಮುಂದ ಸರಿಯಂಗಿಲ್ಲ. ಹಿಡಿತ ಹೆಚ್ಚಾದ್ರೂ ತ್ರಾಸ, ಹಿಂದಿನ ತುದಿ ಬಿಡಿಸ್ಕೊಳ್ಳಾಕಾಗದ ಹೂತಂಗ ಕುಂದರತೈತಿ. ನಡುಮಟ್ಟದ ಹಿಡಿತ ಇದ್ದಾಗನ ಸ್ಪೀಡ್ ಜಾಸ್ತಿ. ಬಿಳಿ ರಕ್ತಕಣದಾಗ ಕೆಲವು ಭಾಳ ಚಾಲಾಕು, ಇಕ್ಕಟ್ಟಿನ ಜಾಗದಾಗ ಇಂಟೆಗ್ರಿನ್ ಇಲ್ಲದನೂ ಹೋಗ್ತಾವ, ಸಣ್ಣವರಿದ್ದಾಗ ಎರಡು ಮನಿ ಸಂದಿಯೊಳಗ ಬೆನ್ನು ಒಂದ್ ಗ್ವಾಡಿಗೆ ಕಾಲು ಒಂದ್ ಗ್ವಾಡಿಗೆ ಒತ್ತಿ ಏರ್ತಿದ್ವಲ್ಲ, ಹಂಗ.

ಇನ್ನೊಂದು. ಬೈಕ್ ಎಂಜಿನ್ ಬಂದ್ ಮಾಡಿದ್ರೂ ಸ್ವಲ್ಪ ದೂರ ಉರುಳತೈತಿ, ಸೆಲ್‌ಗೆ ಆ ಭಾಗ್ಯ ಇಲ್ಲ. ಅಷ್ಟು ಸಣ್ಣ ಜೀವಕ್ಕ ನೀರು ಅಂದ್ರ ಕಾಕಂಬಿ ಇದ್ದಂಗ. ಈಜೋ ಬ್ಯಾಕ್ಟೀರಿಯಾ ಬಾಲ ನಿಲ್ಲಿಸಿದ್ರ ಒಂದು ಪರಮಾಣುವಿನ ಅಗಲದಷ್ಟೂ ಮುಂದ ಜಾರಂಗಿಲ್ಲ ಅಂತ ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ 1977ರಾಗ ಬರೆದಾರ. ಅದಕ್ಕ ಹೋಗೋ ಅಷ್ಟು ಹೊತ್ತೂ ತಳ್ಳತಾನ ಇರಬೇಕು.

ಮುಂದಿನ ಸಲ ಇಂಥದ್ದು ಹಾಕೂವಾಗ ಎಲ್ಲಿ ತಳ್ಳತೈತಿ ಎಲ್ಲಿ ಹಿಡೀತೈತಿ ಅಂತ ಬಾಣ ಹಾಕಿ ಒಂದು ಚಿತ್ರ ಕೊಡ್ರಿ. ನನ್ನ ಮಗಳು ಅಮೀಬಾ ಬರೆದು, ಅದು ತೆವಳಾಕ ಚಾಚೋ ಭಾಗಕ್ಕ ಮಿಥ್ಯಾಪಾದ ಅಂತ ಹೆಸರು ಹಾಕಿ ನೋಟ್‌ಬುಕ್ ಮುಚ್ಚಿದ್ಲು, ಆ ಪಾದ ಯಾಕ ಜಾರಂಗಿಲ್ಲವ್ವಾ ಅಂದ್ರ, ಅದು ಪರೀಕ್ಷೆಗೆ ಬರಂಗಿಲ್ಲಪ್ಪಾ ಅಂದ್ಲು.

ಒಬ್ಬ ಓದುಗ, ಗಂಗಾವತಿ, ಕೊಪ್ಪಳ ಜಿಲ್ಲೆ