ಪೌರನೀತಿ ಪಾಠ ಅದಿರಿನ ಲಾರಿಯಿಂದ ಶುರುವಾಗಲಿ

ಮಾನ್ಯರೇ,

ವಿಶ್ವಸಂಸ್ಥೆಯ ಆರು ಅಂಗಸಂಸ್ಥೆಗಳು ಯಾವುವು ಎಂದರೆ ಎಸ್ಸೆಸ್ಸೆಲ್ಸಿ ಮಕ್ಕಳು ಪಟಪಟನೆ ಒಪ್ಪಿಸುತ್ತಾರೆ. 1994ರಲ್ಲೇ ಕೆಲಸ ನಿಲ್ಲಿಸಿದ ಧರ್ಮದರ್ಶಿ ಮಂಡಳಿಯನ್ನೂ ಬಿಡುವುದಿಲ್ಲ. ಆದರೆ ಗಣಿಗಾರಿಕೆಯಿಂದ ಬಾಧಿತವಾದ ಊರುಗಳಿಗಾಗಿ ಗಣಿ ಮಾಲೀಕರು ಹಣ ಕಟ್ಟುವ ಜಿಲ್ಲಾ ಖನಿಜ ಪ್ರತಿಷ್ಠಾನದಿಂದ ನಿಮ್ಮೂರಿಗೆ ಎಷ್ಟು ಬಂತು, ಯಾರನ್ನು ಕೇಳಬೇಕು ಎಂದರೆ ತರಗತಿಯೇ ಸುಮ್ಮನಾಗುತ್ತದೆ. ಜಾಗತಿಕ ಪೌರತ್ವದ ಶಿಕ್ಷಣ 2030ರೊಳಗೆ ಎಲ್ಲ ಕಲಿಯುವವರಿಗೂ ಸಿಗಬೇಕೆಂದು ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿ 4.7 ಹೇಳುತ್ತದೆ. ಕಬ್ಬಿಣದ ಅದಿರಿನ ಸಂಡೂರು ಸೀಮೆಯಲ್ಲಿ ಅದಕ್ಕೆ ಹೊಸ ಪುಸ್ತಕ ಬೇಕಿಲ್ಲ, ಅದಿರಿನ ಲಾರಿಯೇ ಸಾಕು.

ಚೀನಾದಲ್ಲಿ ಉಕ್ಕಿಗೆ ಬೇಡಿಕೆ ಏರಿದಾಗ ಇಲ್ಲಿನ ಗುಡ್ಡಗಳು ಕರಗಿದವು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, 2022ರ ಮೇನಲ್ಲಿ ಅದಿರು ರಫ್ತಿಗೆ ಮತ್ತೆ ದಾರಿ ಬಿಟ್ಟಿತು. ಇಷ್ಟಕ್ಕೆ ಎರಡು ಪಿರಿಯಡ್ ಸಾಕು. ಬಳ್ಳಾರಿ ನಗರದ ಶಾಲೆಯಾದರೆ ಅದಿರಿನ ಬದಲು ಅಲ್ಲಿ ಹೊಲಿಯುವ ಜೀನ್ಸ್, ರಾಯಚೂರಾದರೆ ಹತ್ತಿಯನ್ನು ಪಾಠಕ್ಕೆ ಹಿಡಿಯಲಿ.

ಉಳಿದ ಪಿರಿಯಡ್‌ಗಳಲ್ಲಿ 9ನೇ ತರಗತಿಯ ಮಕ್ಕಳಿಂದ ಈ ಪ್ರತಿಷ್ಠಾನದ ಹಣದ ಬಗ್ಗೆ ಒಂದು ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಬರೆಸಬೇಕು. ಕೇಂದ್ರದ 2015ರ ನಿಯಮದ ಪ್ರಕಾರ ಹಳೆಯ ಗುತ್ತಿಗೆಯವರು ರಾಜಧನದ (ಅದಿರಿಗಾಗಿ ಸರ್ಕಾರಕ್ಕೆ ಕಟ್ಟುವ ರಾಯಲ್ಟಿಯ) ಶೇ 30ರಷ್ಟನ್ನು, ಹರಾಜಿನಲ್ಲಿ ಗಣಿ ಪಡೆದವರು ಶೇ 10ರಷ್ಟನ್ನು ಈ ಪ್ರತಿಷ್ಠಾನಕ್ಕೆ ಕಟ್ಟುತ್ತಾರೆ. ‘ನಮ್ಮೂರಿಗೆ ನೀರು ಏಕೆ ಕೊಟ್ಟಿಲ್ಲ?’ ಎಂದು ಬರೆದರೆ ಅರ್ಜಿ ಕೆಟ್ಟಿತು. ಕಡತದಲ್ಲಿ ಇಲ್ಲದ ಕಾರಣವನ್ನು ಹುಡುಕಿ ಹೇಳುವ ಹೊಣೆ ಅಧಿಕಾರಿಗಿಲ್ಲ. ‘2023–24ರಲ್ಲಿ ನಮ್ಮ ಪಂಚಾಯಿತಿಗೆ ಮಂಜೂರಾದ ಕಾಮಗಾರಿಗಳ ಪಟ್ಟಿ, ಬಿಡುಗಡೆಯಾದ ಮೊತ್ತ, ಬಿಲ್ಲುಗಳ ನಕಲು’ ಎಂದು ಕೇಳಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಜೊತೆಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್. ಬಿಪಿಎಲ್ ಕಾರ್ಡಿನ ನಕಲು ಇಟ್ಟರೆ ಅದೂ ಬೇಡ. ಕಚೇರಿ ತಪ್ಪಿದರೂ ಐದು ದಿನದೊಳಗೆ ಸರಿಯಾದ ಕಡೆ ವರ್ಗಾಯಿಸುವುದು ಅವರದೇ ಕೆಲಸ. 30 ದಿನದಲ್ಲಿ ಉತ್ತರ ಬರದಿದ್ದರೆ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಹಾಗಾಗಿ ಜುಲೈನಲ್ಲೇ ಅರ್ಜಿ ಹೋಗಬೇಕು. ದಸರಾ ರಜೆ ಮುಗಿಸಿ ಹಾಕಿದರೆ ಪರೀಕ್ಷೆ ಅಡ್ಡ ಬರುತ್ತದೆ. ಶಾಲೆಯ ಹೆಸರು ಬಂದರೆ ಮುಖ್ಯಗುರುಗಳು ಹಿಂಜರಿಯುತ್ತಾರೆ (ಅವರ ಕಷ್ಟ ಅವರಿಗೆ), ಅರ್ಜಿ ಪೋಷಕರೊಬ್ಬರ ಹೆಸರಿನಲ್ಲಿರಲಿ.

ಬಂದ ಕಾಗದವನ್ನು ಮಕ್ಕಳ ಗ್ರಾಮಸಭೆಯಲ್ಲಿ ಓದಿಸಬೇಕು. ಈಗ ಹಲವೆಡೆ ಆ ಸಭೆ ಎಂದರೆ ಹಾರ, ಭಾಷಣ, ಮೇಷ್ಟ್ರು ಬರೆದುಕೊಟ್ಟ ಚೀಟಿ ಓದುವ ಇಬ್ಬರು ಮಕ್ಕಳು, ಬಿಸ್ಕತ್ತು. ಮಕ್ಕಳ ಬೇಡಿಕೆ ನಡಾವಳಿಗೆ ಏರದಿದ್ದರೆ ಅದು ಗಾಳಿಮಾತು. ಠರಾವಿನ ಸಂಖ್ಯೆ, ಹೊಣೆ ಹೊತ್ತವರ ಹುದ್ದೆ, ಗಡುವು ಮೂರೂ ದಾಖಲಾಗಿ, ನಕಲು ಶಾಲೆಗೆ ಬರಬೇಕು. ಮುಂದಿನ ವರ್ಷದ ಸಭೆ ಅದರ ಅನುಪಾಲನಾ ವರದಿಯಿಂದಲೇ ಆರಂಭವಾಗಬೇಕು.

ಅಂಕವಿಲ್ಲದ ಕೆಲಸಕ್ಕೆ ಶಾಲೆಯಲ್ಲಿ ಸಮಯ ಸಿಗದು. ಸಮಾಜ ವಿಜ್ಞಾನದ ಆಂತರಿಕ ಮೌಲ್ಯಮಾಪನದಲ್ಲಿ ಇದನ್ನೂ ಒಂದು ಚಟುವಟಿಕೆಯಾಗಿ ಪರಿಗಣಿಸುವಂತೆ ಶಿಕ್ಷಣ ಇಲಾಖೆ ಈ ಶೈಕ್ಷಣಿಕ ವರ್ಷದಲ್ಲೇ ಸುತ್ತೋಲೆ ಹೊರಡಿಸಲಿ.

– ಸಮಾಜ ವಿಜ್ಞಾನ ಶಿಕ್ಷಕರು, ಸಂಡೂರು, ಬಳ್ಳಾರಿ ಜಿಲ್ಲೆ