ಕಂಡಕ್ಟರ್ ಸಿಟ್ಟೂ ಎರಡು ರೂಪಾಯಿ ನಾಣ್ಯವೂ

ಮಾನ್ಯ ಸಂಪಾದಕರೇ,

ಕಂಡಕ್ಟರ್ ಒಬ್ಬರು ಬಸ್ಸಿನಲ್ಲಿ ಕೂಗಾಡುವ ವಿಡಿಯೊ ಹರಿದಾಡಿದರೆ ಸಾಕು, ‘ಇವರಿಗೆ ಮಾತಾಡಲು ಬರುವುದಿಲ್ಲ, ತರಬೇತಿ ಕೊಡಿ’ ಎಂಬ ಸಲಹೆ ಎಲ್ಲ ಕಡೆಯಿಂದ ಬರುತ್ತದೆ. ತರಬೇತಿ ಬೇಡ ಎನ್ನುವವರು ಯಾರೂ ಇಲ್ಲ. ಆದರೆ ‘ನಗುನಗುತ್ತಾ ಇರಿ’ ಎಂದು ಹೇಳಿ ಕಳಿಸುವ ತರಬೇತಿ ಮೂರನೇ ಟ್ರಿಪ್ಪಿನ ಹೊತ್ತಿಗೆ ಬೆವರಿನ ಜತೆ ಇಳಿದುಹೋಗಿರುತ್ತದೆ. ಸಿಟ್ಟು ಹುಟ್ಟುವ ಜಾಗವನ್ನು ಮೊದಲು ನೋಡಬೇಕು.

ಆ ಜಾಗ ಬಹುಪಾಲು ಚಿಲ್ಲರೆ. 2025ರ ಜನವರಿ 5ರಂದು ದರ ಏರಿದ ಮೇಲೆ ಬಿಎಂಟಿಸಿಯಲ್ಲಿ 5 ರೂಪಾಯಿ ಟಿಕೆಟ್ 6 ಆಯಿತು, 10 ಇದ್ದದ್ದು 12 ಆಯಿತು. ಹತ್ತು ಕೊಟ್ಟವರಿಗೆ 4, ಇಪ್ಪತ್ತು ಕೊಟ್ಟವರಿಗೆ 8 ವಾಪಸ್ ಕೊಡಬೇಕು. ಚೀಲದಲ್ಲಿ ಐದರ ನಾಣ್ಯ ಎಷ್ಟಿದ್ದರೇನು, ಎರಡರದ್ದು ಇಲ್ಲದಿದ್ದರೆ ಕೈ ಕಟ್ಟಿದಂತೆ. ಆಗ ಟಿಕೆಟ್ ಹಿಂದೆ ಬಾಕಿ ಬರೆದುಕೊಡುವುದು ರೂಢಿ. ಬರೆದದ್ದು ಕಾಗದದ ಮೇಲಾದರೂ ಸಾಲ ಕೂತಿರುವುದು ತಲೆಯಲ್ಲಿ: ಕಿಟಕಿ ಪಕ್ಕದ ಅಜ್ಜನಿಗೆ 8, ಹಿಂದಿನ ಸೀಟಿನ ಹುಡುಗನಿಗೆ 88. ಇಂಥ ಹತ್ತು ಬಾಕಿ ಹೊತ್ತವರ ಮುಂದೆ ಹನ್ನೊಂದನೆಯವರು ನೂರರ ನೋಟು ಹಿಡಿದರೆ, ಹತ್ತರ ಭಾರವೂ ಅವರ ಮೇಲೇ ಬೀಳುತ್ತದೆ.

ಹಾಗಾಗಿ ಡ್ಯೂಟಿಗೆ ಹೊರಡುವ ಮುಂಚೆಯೇ ಎರಡರ ನಾಣ್ಯ ಐವತ್ತು, ಒಂದರದ್ದು ಮೂವತ್ತು ಬೇರೆ ಜೇಬಿಗೆ ಹಾಕಿಕೊಳ್ಳುವುದು ಒಳ್ಳೆಯದು. ಒಟ್ಟು 130 ರೂಪಾಯಿ. ಬಾಕಿಯವರು ಐದು ಮಂದಿ ದಾಟುವ ಮುಂಚೆ ತೀರಿಸಲು ನೋಡಬೇಕು. ನಾಣ್ಯ ಬಂದ ಕೂಡಲೇ ‘ಚಿಲ್ಲರೆ ಬಾಕಿ ಯಾರಿಗ್ರೀ?’ ಎಂದು ತಾವೇ ಕೂಗಿದರೆ, ಇಳಿಯುವ ಹೊತ್ತಿನ ಜಗಳ ಅರ್ಧ ಕಡಿಮೆ.

ಇನ್ನೊಂದು, ಶಕ್ತಿ ಯೋಜನೆಯ ಟಿಕೆಟ್. 2023ರ ಜೂನ್ 11ರಿಂದ ಕರ್ನಾಟಕದ ಮಹಿಳೆಯರಿಗೆ ಉಚಿತವಾದರೂ ಶೂನ್ಯ ಟಿಕೆಟ್ ಕೊಡಲೇಬೇಕು, ಗುರುತಿನ ಚೀಟಿ ನೋಡಲೇಬೇಕು. ಚೆಕಿಂಗ್‌ನವರು ಹತ್ತಿದಾಗ ಒಂದು ಟಿಕೆಟ್ ತಪ್ಪಿದ್ದರೂ ಉತ್ತರ ಹೇಳಬೇಕಾದವರು ಕಂಡಕ್ಟರ್. ಹೊರರಾಜ್ಯದ ಆಧಾರ್ ತೋರಿಸಿದವರ ಜತೆ ವಾದಕ್ಕಿಳಿಯುವುದು ವ್ಯರ್ಥ. ‘ರೂಲ್ಸ್ ಹೀಗಿದೆ ಅಮ್ಮಾ, ಲೆಕ್ಕ ಕೊಡಬೇಕಾದವನು ನಾನು’ ಎಂದು ಒಂದೇ ಮಾತನ್ನು ಒಂದೇ ದನಿಯಲ್ಲಿ ಎರಡು ಸಲ ಹೇಳಿ ಟಿಕೆಟ್ ಮುಂದಿಡಿ. ಮೂರನೇ ಸಲ ಹೇಳಲು ಹೋದಾಗಲೇ ದನಿ ಏರುವುದು.

ದನಿ ಏರಿಯೇ ಹೋಯಿತು ಎನ್ನಿ. ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ. ಮಾತು ನಿಂತ ಮೇಲೂ ಇದು ಕೆಲವು ನಿಮಿಷ ಇಳಿಯುವುದಿಲ್ಲ. ಆ ಹೊತ್ತಿನಲ್ಲಿ ಪಕ್ಕದ ಸೀಟಿನ ನಿರಪರಾಧಿಗೆ ಬೈಗುಳ ಸಿಗುವುದು ಇದರಿಂದಲೇ. ಜನ ಕಡಿಮೆಯಿದ್ದರೆ ಬಾಗಿಲ ಬಳಿ ಹೋಗಿ ಕಂಬಿ ಹಿಡಿದು ನಿಲ್ಲಿ. ಮೂಗಿನಲ್ಲಿ ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ. ಆರು ಸಲಕ್ಕೆ ಒಂದು ನಿಮಿಷ. ಬಹಳ ಮಂದಿ ಎಡವುವುದು ಇಲ್ಲೇ: ಜೋರಾಗಿ, ಬೇಗ ಬೇಗ ಎಳೆದುಕೊಳ್ಳುತ್ತಾರೆ, ತಲೆ ಸುತ್ತುತ್ತದೆ, ‘ಇದೆಲ್ಲ ಸುಳ್ಳು’ ಅನ್ನುತ್ತಾರೆ. ಎದೆಬಡಿತವನ್ನು ಇಳಿಸುವುದು ನಿಧಾನವಾಗಿ ಬಿಡುವ ಉಸಿರು, ಎಳೆಯುವ ಉಸಿರಲ್ಲ.

ಟ್ರಿಪ್ ಮುಗಿದಾಗ ಫೋನ್ ತೆಗೆಯುವ ಮುಂಚೆ ಟಿಕೆಟ್ ಮೆಷಿನ್ ನೋಡುವುದು ಮೇಲು. ಎಷ್ಟು ಟಿಕೆಟ್ ಹೋಗಿದೆ ಎಂಬ ಲೆಕ್ಕ ಅಲ್ಲೇ ಇದೆ. ತೊಂಬತ್ತು ಜನ ಹತ್ತಿ ಇಳಿದಿದ್ದಾರೆ, ಜಗಳವಾಡಿದ್ದು ಒಬ್ಬರು. ಮನಸ್ಸು ಆ ಒಬ್ಬರನ್ನೇ ಮನೆವರೆಗೂ ಹೊತ್ತೊಯ್ಯುತ್ತದೆ. ಮೆಷಿನ್ ಉಳಿದ 89 ಮಂದಿಯನ್ನೂ ಎಣಿಸಿಟ್ಟಿರುತ್ತದೆ.

ಹೊಟ್ಟೆಯ ವಿಚಾರವನ್ನೂ ಹೇಳಬೇಕು. ಬೆಳಗಿನ ಶಿಫ್ಟಿನವರು ಖಾಲಿ ಹೊಟ್ಟೆಗೆ ಮೂರು ಟೀ ಕುಡಿದು ಮಧ್ಯಾಹ್ನದವರೆಗೆ ಎಳೆಯುತ್ತಾರೆ. ಬ್ಯಾಗಿನಲ್ಲಿ ಎರಡು ಬಾಳೆಹಣ್ಣು, ಒಂದು ಹಿಡಿ ಹುರಿಗಡಲೆ ಇರಲಿ. ಟೀ, ಕಾಫಿಯ ಕೆಫೀನ್ ಸುಮಾರು ಐದು ಗಂಟೆಯ ನಂತರವೂ ಅರ್ಧದಷ್ಟು ರಕ್ತದಲ್ಲಿ ಉಳಿದಿರುತ್ತದೆ. ಸಂಜೆ ಆರರ ನಂತರ ಟೀ ಕುಡಿದು ರಾತ್ರಿ ಹನ್ನೊಂದಕ್ಕೆ ನಿದ್ದೆ ಬರಲಿಲ್ಲ ಎಂದರೆ ಬರುವುದಾದರೂ ಹೇಗೆ? ಆ ನಿದ್ದೆಗೆ ಕ್ವಾರ್ಟರ್ ಬಾಟಲಿ ಮದ್ದಲ್ಲ. ಕುಡಿದು ಮಲಗಿದವರಿಗೆ ನಡುರಾತ್ರಿ ಎಚ್ಚರವಾಗುತ್ತದೆ, ಮರುದಿನದ ಸಿಡುಕು ಇನ್ನೂ ಹೆಚ್ಚು.

ಎರಡು ವಾರ ದಾಟಿದರೂ ನಿದ್ದೆ, ಹಸಿವು ಎರಡೂ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎಂದಾದರೆ ಉಸಿರಾಟ, ಬಾಳೆಹಣ್ಣು ಸಾಲದು. ಬದುಕೇ ಬೇಡ ಅನ್ನಿಸಿದರಂತೂ ಎರಡು ವಾರ ಕಾಯುವ ಮಾತೇ ಇಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಇಷ್ಟು ಕಂಡಕ್ಟರ್ ಕೈಯಲ್ಲಿರುವುದು. ಮಿಕ್ಕಿದ್ದು ಡಿಪೋದ ಕೈಯಲ್ಲಿ. ಶೆಡ್ಯೂಲ್ ಕಾಗದದಲ್ಲಿ ಟ್ರಿಪ್ಪಿನ ನಡುವೆ ಬಿಡುವು ಇರುತ್ತದೆ. ಟ್ರಾಫಿಕ್‌ನಲ್ಲಿ ಬಸ್ ತಡವಾದರೆ ಮೊದಲು ನುಂಗುವುದು ಅದನ್ನೇ. ಬಸ್ ಎಷ್ಟೇ ತಡವಾಗಿರಲಿ, ಐದು ನಿಮಿಷ ಬಿಡದೆ ಮುಂದಿನ ಟ್ರಿಪ್ ಹೊರಡಿಸಬಾರದು. ಹೊಡೆದಾಟದವರೆಗೆ ಹೋದ ಗಲಾಟೆಯ ನಂತರ ಅದೇ ಕಂಡಕ್ಟರನ್ನು ಅದೇ ಬಸ್ಸಿಗೆ ಹತ್ತಿಸಬಾರದು. ಕೊನೆಯ ಸ್ಟಾಪುಗಳಲ್ಲಿ ಬೀಗ ಜಡಿದಿರದ ಶೌಚಾಲಯ ಬೇಕು. ಅದಿಲ್ಲ ಎಂಬ ಒಂದೇ ಕಾರಣಕ್ಕೆ ಮಹಿಳಾ ಕಂಡಕ್ಟರುಗಳು ಬೇಸಿಗೆಯಲ್ಲೂ ನೀರು ಕುಡಿಯದೆ ಡ್ಯೂಟಿ ಮುಗಿಸುತ್ತಾರೆ. ಮಧ್ಯಾಹ್ನ ಮೂರರ ತಲೆನೋವಿಗೆ ಅರ್ಧ ಕಾರಣ ಅಲ್ಲಿದೆ.

– ನಿವೃತ್ತ ಸಾರಿಗೆ ಸಿಬ್ಬಂದಿ, ಬೆಂಗಳೂರು